ಮಾರಾಟದ ಬಿಲ್ ಮೊದಲು ಕೊಡಿ, ಖರೀದಿಯದು ಆಮೇಲೆ

ನಮ್ಮದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವ ಆಫೀಸು. ತಿಂಗಳ 5ನೇ ತಾರೀಖು ದಾಟಿತು ಅಂದರೆ ನಮ್ಮಿಂದ ಫೋನ್ ಶುರು. ಬಿಲ್ ಕಳಿಸಿ ಅಂತ. ಬೆಳಗಾವಿ ಉದ್ಯಮಬಾಗದ ಸಣ್ಣ ವರ್ಕ್‌ಶಾಪಿನವರ ಉತ್ತರ ಹೆಚ್ಚುಕಡಿಮೆ ಒಂದೇ. “ಪುರಸೊತ್ತು ಎಲ್ಲೈತ್ರಿ ಸರ್? ಖರೀದಿ ಬಿಲ್ ಇನ್ನೂ ಬರಬೇಕ್ರಿ. ಎಲ್ಲಾ ಕೂಡಿಸಿ 18ಕ್ಕ ಒಮ್ಮೆಗೇ ತಂದು ಕೊಡ್ತೀನ್ರಿ.”

ಪುರಸೊತ್ತು ಇಲ್ಲ ಅನ್ನೋದು ನಿಜ. ಲೇತ್ ಮುಂದೆ ಅವರೇ ನಿಂತಿರುತ್ತಾರೆ. ಫೌಂಡ್ರಿಯಿಂದ ಕಾಸ್ಟಿಂಗ್ ತರೋದೂ ಅವರೇ, ಪಾರ್ಟಿಗೆ ಮಾಲು ಮುಟ್ಟಿಸೋದೂ ಅವರೇ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಆ “ಎಲ್ಲಾ ಕೂಡಿಸಿ” ಅನ್ನೋ ಮಾತಿಗೆ.

11ಕ್ಕೆ ಹಾಕುವ ಜಿಎಸ್‌ಟಿಆರ್-1ಕ್ಕೆ ಖರೀದಿಯ ಒಂದು ಬಿಲ್ಲೂ ಬೇಕಿಲ್ಲ. ಅದು ಮಾರಾಟದ ಲೆಕ್ಕ. ಯಾರಿಗೆ ಮಾಲು ಕೊಟ್ಟಿರಿ, ಎಷ್ಟಕ್ಕೆ ಕೊಟ್ಟಿರಿ, ತೆರಿಗೆ ಎಷ್ಟು ಹಾಕಿದಿರಿ, ಅಷ್ಟೇ. ಆ ಬಿಲ್‌ಗಳೆಲ್ಲ ನೀವೇ ಬರೆದವು. ತಿಂಗಳ ಕೊನೆಯ ದಿನ ಸಂಜೆ ನಿಮ್ಮ ಹತ್ತಿರವೇ ಇರುತ್ತವೆ, ಅಲ್ವಾ? ಬೇರೆಯವರು ಕಳಿಸಲಿ ಅಂತ ಯಾಕೆ ಕಾಯಬೇಕು? ಖರೀದಿಯ ಲೆಕ್ಕ ಬೇಕಾಗೋದು 20ರ 3ಬಿಗೆ, ಅಂದರೆ ತೆರಿಗೆ ಕಟ್ಟುವ ರಿಟರ್ನ್‌ಗೆ. ಅದನ್ನು 15ರ ನಂತರ ಕೂತು ನೋಡಬಹುದು.

“ತೆರಿಗೆ ಕಟ್ಟೋದು 20ಕ್ಕೆ ತಾನೇ, 11 ತಪ್ಪಿದರೆ ಏನಾಯ್ತು?” ಅಂತ ಕೇಳುತ್ತಾರೆ. 20ರ ಭಯ ಎಲ್ಲರಿಗೂ ಇದೆ. ಅಲ್ಲಿ ದಿನಕ್ಕೆ 50 ರೂಪಾಯಿ ಲೇಟ್ ಫೀ, ವರ್ಷಕ್ಕೆ 18% ಬಡ್ಡಿ ಕಣ್ಣಿಗೆ ಕಾಣುತ್ತೆ. 11 ತಪ್ಪಿದ ಪೆಟ್ಟು ಮೊದಲು ಬೀಳೋದು ನಿಮ್ಮ ಗಿರಾಕಿಗೆ. ಅದಕ್ಕೇ ನಿಮಗೆ ಗೊತ್ತಾಗೋದಿಲ್ಲ.

ಬಿಡಿಸಿ ಹೇಳುತ್ತೇನೆ. ಕೊಲ್ಹಾಪುರದ ಕಂಪನಿಗೆ 1 ಲಕ್ಷದ ಮಾಲು ಕೊಟ್ಟಿರಿ, ದರ 18% ಅಂತ ಇಟ್ಟುಕೊಳ್ಳಿ. 18,000 ರೂಪಾಯಿ ತೆರಿಗೆ. ಅಷ್ಟನ್ನು ಆ ಕಂಪನಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬೇಕು. ಮುರಿದುಕೊಳ್ಳೋಕೆ ನಿಮ್ಮ ಬಿಲ್ ಅವರ 2ಬಿ ಪಟ್ಟಿಯಲ್ಲಿ (ಮಾರಿದವರು ಹಾಕಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ಪಟ್ಟಿ) ಇರಬೇಕು. ಆ ಪಟ್ಟಿ 14ಕ್ಕೆ ತಯಾರಾಗುತ್ತೆ. ನೀವು 11ರೊಳಗೆ ಹಾಕಿದರೆ ಅದರಲ್ಲಿ ಬಂತು. 18ಕ್ಕೆ ಹಾಕಿದರೆ ಮುಂದಿನ ತಿಂಗಳ ಪಟ್ಟಿಗೆ ಹೋಯ್ತು. ಅಲ್ಲಿಯವರೆಗೆ ಆ 18,000 ಅವರ ಕೈಯಿಂದ ಹೋಗುತ್ತೆ. ಕೈಯಿಂದ ಕಟ್ಟಿದವರು ನಿಮ್ಮ ಪೇಮೆಂಟ್ ಬೇಗ ಬಿಡ್ತಾರಾ?

ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು (ವರ್ಷದ ವಹಿವಾಟು 5 ಕೋಟಿಯವರೆಗೆ ಇದ್ದವರಿಗೆ ಈ ಅನುಕೂಲ ಇದೆ) ಇನ್ನೂ ನಿಶ್ಚಿಂತೆಯಿಂದ ಇರುತ್ತಾರೆ. ಮೊದಲ ಎರಡು ತಿಂಗಳ ಬಿಲ್‌ಗಳನ್ನು ಐಎಫ್‌ಎಫ್‌ನಲ್ಲಿ (ಬರೀ ಮಾರಾಟದ ಬಿಲ್ ಹಾಕೋಕೆ ಪೋರ್ಟಲ್‌ನಲ್ಲಿರುವ ಸೌಲಭ್ಯ) ಮುಂದಿನ ತಿಂಗಳ 13ರೊಳಗೆ ಹಾಕಬಹುದು. ಕಡ್ಡಾಯವಲ್ಲ. ಆದರೆ ಹಾಕದಿದ್ದರೆ ಏಪ್ರಿಲ್ ಬಿಲ್ ನಿಮ್ಮ ಪಾರ್ಟಿಗೆ ಕಾಣೋದು ಜುಲೈನಲ್ಲಿ!

ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಸಿಎನ್‌ಸಿ ಮಷಿನ್ ಇಟ್ಟಿದ್ದಾನೆ. ಕೆಲಸ ಅಂದರೆ ಕೆಲಸ, ಒಂದು ಪೀಸ್ ವಾಪಸ್ ಬಂದಿದ್ದು ನಾನು ಕೇಳಿಲ್ಲ. ಒಮ್ಮೆ ಹೀಗೇ ತಡ ಮಾಡಿದ. ಪಾರ್ಟಿ ತೆರಿಗೆಯಷ್ಟು ದುಡ್ಡು ಹಿಡಿದುಕೊಂಡಿತು. ಪಾಪ, ಮಷಿನ್ ನಿಲ್ಲಿಸಿ ಕೊಲ್ಹಾಪುರಕ್ಕೆ ಹೋಗಿ ಅವರ ಅಕೌಂಟ್ಸ್ ವಿಭಾಗದ ಬಾಗಿಲಲ್ಲಿ ಮಧ್ಯಾಹ್ನದವರೆಗೆ ಕೂತಿದ್ದ. ಅವರು ಹೇಳಿದ್ದು ಒಂದೇ ಮಾತು: “2ಬಿಯಲ್ಲಿ ಬರಲಿ, ಕೊಡ್ತೀವಿ.” ಆ ತಿಂಗಳು ಅವನದು ಇದ್ದಿದ್ದೇ ಹನ್ನೆರಡು ಮಾರಾಟದ ಬಿಲ್. ಫೋಟೋ ತೆಗೆದು ಕಳಿಸೋಕೆ ಹತ್ತು ನಿಮಿಷ ಸಾಕಿತ್ತು.

ಫೋಟೋ ಅಂದಾಗ ಇನ್ನೊಂದು ವಿಷಯ. 11ರ ರಾತ್ರಿ ವಾಟ್ಸಾಪ್‌ನಲ್ಲಿ ಬರುವ ಬಿಲ್‌ನಲ್ಲಿ ಎಣ್ಣೆ ಹೆಬ್ಬೆರಳಿನ ಗುರುತು ಸರಿಯಾಗಿ ಬಿಲ್ ನಂಬರಿನ ಮೇಲೇ ಇರುತ್ತೆ. 3 ಇದೆಯೋ 8 ಇದೆಯೋ ತಿಳಿಯಲ್ಲ. ಬೆಳಗಾವಿಯಲ್ಲಿ ಮತ್ತೊಂದು ತಪ್ಪು ಜಾಸ್ತಿ. ಪಾರ್ಟಿಯ ಜಿಎಸ್‌ಟಿ ನಂಬರ್ 27ರಿಂದ ಶುರುವಾದರೆ ಅದು ಮಹಾರಾಷ್ಟ್ರ, 29 ಆದರೆ ಕರ್ನಾಟಕ. 27ರ ಪಾರ್ಟಿಗೆ ಸಾಮಾನ್ಯವಾಗಿ ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನ ತೆರಿಗೆ) ಬರಬೇಕು, ಇವರು ಅಭ್ಯಾಸಬಲದಿಂದ ರಾಜ್ಯದೊಳಗಿನ ಮಾರಾಟದ ಹಾಗೆ ಕೇಂದ್ರಕ್ಕೆ 9, ರಾಜ್ಯಕ್ಕೆ 9 ಅಂತ ಬರೆದಿರುತ್ತಾರೆ. ಇದು 4ನೇ ತಾರೀಖಿಗೆ ನನ್ನ ಕಣ್ಣಿಗೆ ಬಿದ್ದರೆ ಪಾರ್ಟಿ ಜೊತೆ ಮಾತಾಡಿ ಸರಿ ಮಾಡಬಹುದು. ರಿಟರ್ನ್ ಹೋದ ಮೇಲೆ ಗೊತ್ತಾದರೆ, ತಿದ್ದಿದ್ದು ಪಾರ್ಟಿಯ 2ಬಿಯಲ್ಲಿ ಬರೋಕೆ ಮುಂದಿನ ತಿಂಗಳೇ ಗತಿ.

ಕಂಪೋಸಿಷನ್‌ನಲ್ಲಿ (ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಸಣ್ಣವರ ಯೋಜನೆ) ಇರುವವರಿಗೆ ಇದು ಅನ್ವಯಿಸೋದಿಲ್ಲ. ಬರೀ ಮನೆಬಳಕೆ ಗಿರಾಕಿಗಳಿಗೆ ಮಾರುವ ಅಂಗಡಿಗೆ ಈ 2ಬಿ ತಲೆನೋವಿಲ್ಲ, ಆದರೂ 11 ತಪ್ಪಿಸಬೇಡಿ. ಸರ್ಕಾರ ಆಗಾಗ ತಾರೀಖು ಮುಂದೂಡುತ್ತೆ, ನಿಮ್ಮ ಲೆಕ್ಕದವರನ್ನು ಕೇಳಿಕೊಳ್ಳಿ.

ಉಳಿದವರು ಹೀಗೆ ಮಾಡಿ. ಶನಿವಾರ ಶಟರ್ ಎಳೆಯುವ ಮೊದಲು ಆ ವಾರದ ಮಾರಾಟದ ಬಿಲ್ ಕಳಿಸಿ, ಕೈ ಒರೆಸಿಕೊಂಡು. ಕೊನೆಯ ವಾರದ್ದು 3ರೊಳಗೆ ಬರಲಿ. ರಿಟರ್ನ್ ಹಾಕೋಕೆ ಬೇಕಾದ ಒಟಿಪಿ ಬರುವ ಮೊಬೈಲ್ ನಿಮ್ಮ ಹತ್ತಿರ ಇದ್ದು, ನೀವು ರೇಂಜ್ ಸಿಗದ ಊರಿನ ಮದುವೆಯಲ್ಲಿದ್ದರೆ ನಾವಿಲ್ಲಿ ಸುಮ್ನೆ ಕೂತಿರಬೇಕಾಗುತ್ತೆ. ಗಣಪತಿ ವಿಸರ್ಜನೆ 11ರ ಆಸುಪಾಸು ಬಂದರಂತೂ ಮುಗೀತು, ನಮ್ಮೂರಿನ ಮೆರವಣಿಗೆ ಮರುದಿನದವರೆಗೂ ನಡೆಯುತ್ತೆ. ಅಂಥ ತಿಂಗಳು ಮುಂಚೆಯೇ ಒಂದು ಮಾತು ಹೇಳಿ, 8ಕ್ಕೇ ಮುಗಿಸಿಬಿಡೋಣ.