ಎರಡು ದಿನ ಬೆಚ್ಚಗಾದರೆ ಚಳಿಗಾಲ ಮುಗಿಯಿತೇ?

ಪ್ರಶ್ನೆ: ಡಿಸೆಂಬರ್ ಕೊನೆಯಿಂದ ಹಗಲು ಬೆಳೆಯುತ್ತಾ ಹೋದರೂ ಜನವರಿಯಲ್ಲೇ ಚಳಿ ಹೆಚ್ಚು. ನಡುವೆ ಎರಡು ದಿನ ಬೆಚ್ಚಗಾಗಿ ಮತ್ತೆ ಚಳಿ ಮರಳುವುದೂ ಉಂಟು. ಚಳಿಗಾಲವು ನಿಜವಾಗಿಯೂ ವಸಂತದ ಕಡೆಗೆ ತಿರುಗಿದೆ ಎಂಬುದನ್ನು ನಾವಿರುವ ಜಾಗದ ಮಟ್ಟಿಗೆ ತಿಳಿಯುವುದು ಹೇಗೆ?

ಉತ್ತರ: ಯಾವುದೇ ಒಂದು ದಿನದ ಬಿಸಿಲನ್ನು ನಂಬಿ ಇದನ್ನು ಹೇಳಲಾಗುವುದಿಲ್ಲ. ಪ್ರತಿದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳನ್ನು ಬರೆದಿಟ್ಟು, ಅವುಗಳ ಏಳು ದಿನಗಳ ಸರಾಸರಿ ಯಾವ ಕಡೆಗೆ ಸಾಗುತ್ತಿದೆ ಎಂದು ನೋಡಬೇಕು. ಅದರಲ್ಲೂ ಕನಿಷ್ಠ ಉಷ್ಣಾಂಶದ ಮೇಲೆ ಹೆಚ್ಚು ಗಮನವಿರಬೇಕು.

ಮೊದಲು ಜನವರಿಯ ಚಳಿಯ ವಿಚಾರ. ಉತ್ತರಾರ್ಧಗೋಳದಲ್ಲಿ ಡಿಸೆಂಬರ್ 21 ಅಥವಾ 22ರಂದು ಹಗಲು ಅತ್ಯಂತ ಕಿರಿದಾಗಿರುತ್ತದೆ. ಅಂದಿನಿಂದ ನೆಲಕ್ಕೆ ಬೀಳುವ ಬಿಸಿಲು ಹೆಚ್ಚುತ್ತಾ ಬಂದರೂ ಇನ್ನೂ ಕೆಲವು ವಾರಗಳ ಕಾಲ ನೆಲ ಕಳೆದುಕೊಳ್ಳುವ ಶಾಖವೇ ಅದಕ್ಕಿಂತ ಅಧಿಕ. ಆದಾಯ ಏರತೊಡಗಿದರೂ ವೆಚ್ಚ ಅದನ್ನು ಮೀರಿರುವವರೆಗೆ ಗಂಟು ಕರಗುತ್ತಲೇ ಇರುವಂತೆ, ಒಳನಾಡಿನಲ್ಲಿ ಸಾಮಾನ್ಯವಾಗಿ ಜನವರಿಯ ನಡುಭಾಗದವರೆಗೂ ಉಷ್ಣಾಂಶ ಇಳಿಯುತ್ತಲೇ ಹೋಗುತ್ತದೆ. ನೀರು ನಿಧಾನವಾಗಿ ತಣಿದು ನಿಧಾನವಾಗಿ ಕಾಯುವುದರಿಂದ ಸಮುದ್ರದ ಹತ್ತಿರ ಈ ತಿರುವು ಇನ್ನೂ ತಡವಾಗಬಹುದು. ಒಂದು ದಿನದ ಲೆಕ್ಕವೂ ಹೀಗೆಯೇ: ಅತ್ಯಂತ ತಣ್ಣನೆಯ ಹೊತ್ತು ನಡುರಾತ್ರಿಯಲ್ಲ, ಸೂರ್ಯೋದಯದ ಆಸುಪಾಸು.

ಹಗಲು ಬೆಳೆಯುವ ವೇಗ ಮಾರ್ಚ್ 20ರ ಸುಮಾರಿಗೆ ಬರುವ ಸಮರಾತ್ರಿಯ, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮನಾಗುವ ದಿನದ, ಹೊತ್ತಿಗೆ ಗರಿಷ್ಠ ಮಟ್ಟ ತಲುಪುತ್ತದೆ. 50 ಡಿಗ್ರಿ ಅಕ್ಷಾಂಶದಲ್ಲಿ ಆಗ ದಿನಕ್ಕೆ ಸುಮಾರು 4 ನಿಮಿಷ ಹಗಲು ಕೂಡಿಕೊಂಡರೆ, 10 ಡಿಗ್ರಿ ಅಕ್ಷಾಂಶದಲ್ಲಿ ಅದು ಅರ್ಧ ನಿಮಿಷದಷ್ಟು ಮಾತ್ರ. ಆದ್ದರಿಂದ ಧ್ರುವಗಳತ್ತ ಹೋದಷ್ಟೂ ವಸಂತದ ಬರವು ಎದ್ದು ಕಾಣುತ್ತದೆ. ಸಮಭಾಜಕದ ಸಮೀಪದಲ್ಲಿ ಅದನ್ನು ಹುಡುಕಿ ನೋಡಬೇಕಾಗುತ್ತದೆ.

ಇನ್ನು ಅಳತೆ. ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ಗುರುತಿಟ್ಟುಕೊಳ್ಳುವ ಥರ್ಮಾಮೀಟರ್ ಸಾಕು. ಜೇಮ್ಸ್ ಸಿಕ್ಸ್ 1780ರಲ್ಲಿ ರೂಪಿಸಿದ ಅದರ ಹಳೆಯ ಮಾದರಿ ಇಂದಿಗೂ ಬಳಕೆಯಲ್ಲಿದೆ. ಉಪಕರಣಕ್ಕಿಂತ ಅದನ್ನಿಡುವ ಜಾಗ ಮುಖ್ಯ ಎಂದೇ ನನ್ನ ಅಭಿಪ್ರಾಯ. ನೆಲದಿಂದ 1.25 ಮೀಟರಿನಿಂದ 2 ಮೀಟರಿನಷ್ಟು ಎತ್ತರದಲ್ಲಿ, ನೇರ ಬಿಸಿಲು ತಾಗದ ಆದರೆ ಗಾಳಿಯಾಡುವ ಕಡೆ, ಗೋಡೆಯಿಂದ ದೂರವಾಗಿ ಅದು ಇರಬೇಕು. ಹಗಲಿಡೀ ಕಾದ ಗೋಡೆ ರಾತ್ರಿ ಬಿಟ್ಟುಕೊಡುವ ಶಾಖವನ್ನು ಅಳೆದು ವಸಂತ ಬಂತೆಂದು ಸಂತೋಷಪಡುವವರು ಕಡಿಮೆಯೇನಿಲ್ಲ. ಓದುವ ಹೊತ್ತೂ ನಿಗದಿಯಾಗಿರಬೇಕು. ಬೆಳಗಿನ ಜಾವದ ಚಳಿಯಲ್ಲೇ ಕನಿಷ್ಠವನ್ನು ಬರೆದುಕೊಂಡು ಗುರುತನ್ನು ಮರುಹೊಂದಿಸಿದರೆ, ಅದೇ ಚಳಿ ಮರುದಿನದ ಲೆಕ್ಕಕ್ಕೂ ಸೇರಿಬಿಡುತ್ತದೆ. ಮಧ್ಯಾಹ್ನ ಓದಿದರೆ ಬಿಸಿಲಿನ ವಿಷಯದಲ್ಲಿ ಇದೇ ತಪ್ಪು ಆಗುತ್ತದೆ. ರಾತ್ರಿ ಒಂಬತ್ತರ ಸುಮಾರಿಗೆ ಓದುವುದು ಎರಡಕ್ಕೂ ಕ್ಷೇಮ.

ಹತ್ತಿರದ ಹವಾಮಾನ ಕೇಂದ್ರದ ಅಂಕಿಗಳಿರುವಾಗ ಈ ಶ್ರಮವೇಕೆ ಎಂದು ಕೇಳಬಹುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಭಾರವಾದ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ದಿಬ್ಬದ ಮೇಲಿನ ಕೇಂದ್ರಕ್ಕೂ ತಗ್ಗಿನ ತೋಟಕ್ಕೂ ಆಗ ಹಲವು ಡಿಗ್ರಿಗಳ ಅಂತರ ಬೀಳಬಹುದು. ಸಸಿಗಳನ್ನು ಹೊರಗಿಡಬಹುದೇ ಎಂಬುದನ್ನು ನಿರ್ಧರಿಸುವುದು ಆ ತಗ್ಗಿನ ಚಳಿಯೇ.

ಬರೆದಿಟ್ಟ ಅಂಕಿಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಬಿಸಿಲು ಚುರುಕಾದಂತೆ ಅನೇಕ ಕಡೆ ಮೊದಲು ಏರುವುದು ಮಧ್ಯಾಹ್ನದ ಉಷ್ಣಾಂಶ. ಒಣಹವೆಯ ಶುಭ್ರ ರಾತ್ರಿಗಳು ಇನ್ನೂ ಚಳಿಯಾಗಿಯೇ ಇರುವುದರಿಂದ ಗರಿಷ್ಠ–ಕನಿಷ್ಠಗಳ ನಡುವಿನ ಅಂತರ ಹಿಗ್ಗುತ್ತದೆ. ಇದು ತಿರುವಿನ ಸೂಚನೆಯಷ್ಟೇ. ಮೋಡ ಕವಿದಿಲ್ಲದ ರಾತ್ರಿಗಳಲ್ಲೂ ಕನಿಷ್ಠದ ಸರಾಸರಿ ವಾರದಿಂದ ವಾರಕ್ಕೆ ಏರತೊಡಗಿದಾಗ ಸೂಚನೆ ಖಚಿತವಾಗುತ್ತದೆ. ಮೋಡದ ರಾತ್ರಿಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕೆಂದು ಹೇಳುವುದು ಇದಕ್ಕಾಗಿಯೇ: ಮೋಡವು ಹೊದಿಕೆಯಂತೆ ಶಾಖವನ್ನು ತಡೆಹಿಡಿದು, ಋತು ಬದಲಾಗದಿದ್ದರೂ ಬದಲಾದಂತೆ ತೋರಿಸುತ್ತದೆ.

ಒಂದೇ ದಿನವನ್ನು ನಂಬಬಾರದೆಂಬ ಎಚ್ಚರ ಸರ್ಕಾರಿ ನಿಯಮಗಳಲ್ಲೂ ಇದೆ. ಹವಾಮಾನಶಾಸ್ತ್ರವು ಲೆಕ್ಕದ ಅನುಕೂಲಕ್ಕಾಗಿ ಉತ್ತರಾರ್ಧಗೋಳದ ವಸಂತವನ್ನು ಮಾರ್ಚ್ 1ರಿಂದ ಎಣಿಸುತ್ತದೆಯಾದರೂ, ಸ್ವೀಡನ್ನಿನ ಹವಾಮಾನ ಇಲಾಖೆ ದಿನದ ಸರಾಸರಿ ಉಷ್ಣಾಂಶವು ಸತತ ಏಳು ದಿನ 0 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಮಾತ್ರ ವಸಂತ ಬಂದಿತೆಂದು ಒಪ್ಪುತ್ತದೆ. ಅದೂ ಫೆಬ್ರವರಿ 15ಕ್ಕಿಂತ ಮೊದಲು ಒಪ್ಪುವುದಿಲ್ಲ. ಚೀನಾದಲ್ಲಿ ಐದು ದಿನಗಳ ಸರಾಸರಿ 10 ಡಿಗ್ರಿಯನ್ನು ದಾಟಿ ನಿಲ್ಲಬೇಕು. ನಿಮ್ಮಲ್ಲಿ ಯಾವ ಮಿತಿ ಹೊಂದುತ್ತದೆಂಬುದನ್ನು ನಿಮ್ಮ ದಾಖಲೆಯೇ ಕೆಲವು ವರ್ಷಗಳಲ್ಲಿ ತೋರಿಸಿಕೊಡುತ್ತದೆ.

ಅಂಕಿಗಳ ಪಕ್ಕದಲ್ಲಿ ಮೊದಲ ಚಿಗುರು, ಮೊದಲ ಹೂವು, ಮೊದಲು ಕೇಳಿದ ಹಕ್ಕಿಯ ಕೂಗು ಇವುಗಳ ದಿನಾಂಕವನ್ನೂ ಬರೆಯುವುದು ಒಳ್ಳೆಯದು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬವರು 1736ರಲ್ಲಿ ಆರಂಭಿಸಿದ ಇಂತಹ ದಾಖಲೆಯನ್ನು ಅವರ ವಂಶಸ್ಥರು 1958ರವರೆಗೂ ಮುಂದುವರಿಸಿದರು. ಗಿಡಗಳು ಒಂದು ದಿನದ ಬಿಸಿಗೆ ಮರುಳಾಗುವುದು ಕಡಿಮೆ. ಹಲವು ಮರಗಳು ಸಾಕಷ್ಟು ಚಳಿಯನ್ನು ಅನುಭವಿಸಿದ ಬಳಿಕ, ದಿನದಿಂದ ದಿನಕ್ಕೆ ಕೂಡಿಬಂದ ಶಾಖಕ್ಕೆ ಚಿಗುರುತ್ತವೆ. ಹಾಗೆಂದು ಅವೂ ಎಡವುವುದುಂಟು: ಬೇಗ ಬಿರಿದ ಹೂವು ತಡವಾಗಿ ಬಂದ ಚಳಿಗೆ ಸುಟ್ಟುಹೋದ ವರ್ಷವನ್ನು ದಾಖಲೆಯಲ್ಲಿ ತಪ್ಪದೆ ನಮೂದಿಸಿ.

ನಿಮ್ಮ ಅಂಕಿಗಳನ್ನು ಹೋಲಿಸಿ ನೋಡಲು 30 ವರ್ಷಗಳ ಅಧಿಕೃತ ಸರಾಸರಿಗಳು ಸಿಗುತ್ತವೆ. ಸದ್ಯ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಅವಧಿ. ಯಾವುದಾದರೂ ದಿನ ಓದಲು ಮರೆತರೆ ಆ ಜಾಗವನ್ನು ಖಾಲಿ ಬಿಡಿ. ಅಂದಾಜಿನಿಂದ ತುಂಬಿದ ಅಂಕಿಯನ್ನು ಆಮೇಲೆ ಅಳೆದ ಅಂಕಿಯಿಂದ ಬೇರ್ಪಡಿಸಲು ಬರೆದವರಿಗೂ ಆಗುವುದಿಲ್ಲ.