ಹಾಲಿನ ಪ್ಯಾಕೆಟ್‌ಗೆ ಸೋಪಿನ ಸ್ನಾನ

2020ರ ಏಪ್ರಿಲ್, ಕೊರೊನಾ ಕಾಲ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಅಮ್ಮ ಬಸ್ಸಾರಿಗೆ ಅಂತ ದಂಟಿನ ಸೊಪ್ಪು ಬೇಯಿಸಿ ಕಟ್ಟು ಬಸಿಯುತ್ತಿದ್ದಳು. ಪಾತ್ರೆ ತುಂಬ ನೊರೆ! ಬೆಳಿಗ್ಗೆ ಸೊಪ್ಪಿಗೆ ಪಾತ್ರೆ ಸೋಪಿನ ಸ್ನಾನ ಆಗಿತ್ತು, ಆಮೇಲೆ ಸರಿಯಾಗಿ ಜಾಲಿಸಿರಲಿಲ್ಲ. ನಂದಿನಿ ಹಾಲಿನ ಪ್ಯಾಕೆಟ್‌ಗೂ ದಿನಾ ಅದೇ ಸೇವೆ. ಪೇಪರ್ ಅಂತೂ ಬಿಸಿಲಲ್ಲಿ ಒಣಗಿ ಹಪ್ಪಳವಾಗಿ ಸಂಜೆ ಒಳಗೆ ಬರುತ್ತಿತ್ತು.

ಆ ಭಯ ಹೋಯಿತು, ಅಭ್ಯಾಸ ಹೋಗಲಿಲ್ಲ. ಇವತ್ತಿಗೂ ಮನೆಯಲ್ಲಿ ಒಬ್ಬರಿಗೆ ನೆಗಡಿಯಾದರೆ ಚಿಲಕ, ಸ್ವಿಚ್ಚು, ರಿಮೋಟು ಎಲ್ಲ ಒರೆಸುತ್ತೇವೆ. ಕಿಟಕಿ ಮಾತ್ರ ಮುಚ್ಚಿಯೇ ಇರುತ್ತದೆ.

ಇಷ್ಟಕ್ಕೆಲ್ಲ ಕಾರಣ ಒಂದು ಅಂಕಿ. 2020ರಲ್ಲಿ ಅಮೆರಿಕದ ವಿಜ್ಞಾನಿಗಳು ಕೊರೊನಾ ವೈರಸ್ಸನ್ನು ಬೇರೆ ಬೇರೆ ವಸ್ತುಗಳ ಮೇಲೆ ಬಿಟ್ಟು ಎಷ್ಟು ಹೊತ್ತು ಬದುಕುತ್ತದೆ ಅಂತ ನೋಡಿದರು. ತಾಮ್ರದ ಮೇಲೆ 4 ಗಂಟೆ, ರಟ್ಟಿನ ಮೇಲೆ 24 ಗಂಟೆ, ಪ್ಲಾಸ್ಟಿಕ್ ಮೇಲೆ 72 ಗಂಟೆ. ವಾಟ್ಸಾಪ್‌ಗೆ ಇಷ್ಟು ಸಾಕಾಯಿತು. ತಾಮ್ರದ ಉಂಗುರ ಹಾಕಿಕೊಳ್ಳಿ, ತಾಮ್ರದ ತಂಬಿಗೆ ನೀರು ಕುಡಿಯಿರಿ ಅಂತ ಉಪದೇಶ ಬೇರೆ. ತಂಬಿಗೆಯ ಮೇಲೆ ಬಿದ್ದ ವೈರಸ್ ಬೇಗ ಸಾಯುತ್ತದೆ, ನಿಜ. ಮೂಗಿನೊಳಗೆ ಹೋದ ವೈರಸ್ಸಿಗೆ ನಿಮ್ಮ ತಂಬಿಗೆಯ ಗೊಡವೆ ಏನು?

ಆ 72 ಗಂಟೆಯ ಒಳಗೆ ಏನಾಯಿತು ಅಂತ ಯಾರೂ ಕೇಳಲಿಲ್ಲ. ಪ್ಲಾಸ್ಟಿಕ್ ಮೇಲಿನ ವೈರಸ್ ಸುಮಾರು 7 ಗಂಟೆಗೊಮ್ಮೆ ಅರ್ಧಕ್ಕರ್ಧ ಕಮ್ಮಿಯಾಗುತ್ತಿತ್ತು. ಮೂರನೇ ದಿನದ ಹೊತ್ತಿಗೆ ಉಳಿದಿದ್ದು ಸಾವಿರದಲ್ಲಿ ಒಂದರಷ್ಟು.

ಅದೂ ಪ್ಲಾಸ್ಟಿಕ್ ಮೇಲೇ ಇದ್ದಾಗಿನ ಲೆಕ್ಕ. ಅಲ್ಲಿಂದ ಮೂಗಿಗೆ ಬರಬೇಕಲ್ಲ? ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಕೆಆರ್‌ಎಸ್‌ನಲ್ಲಿ ಗೇಟು ಎತ್ತಿದರು ಅಂತ ಸುದ್ದಿ ಬಂದ ಮಾತ್ರಕ್ಕೆ ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತ ನಾಟಿಗೆ ಇಳಿಯುವುದಿಲ್ಲ. ದಾರಿಯಲ್ಲಿ ಇಂಗುತ್ತದೆ, ಆವಿಯಾಗುತ್ತದೆ, ಮೇಲಿನವರು ತಿರುಗಿಸಿಕೊಳ್ಳುತ್ತಾರೆ. ಚಿಲಕದ ಮೇಲೆ ಬಿದ್ದ ಸೀನಿನ ಹನಿಗೂ ಇದೇ ಗತಿ. ಹನಿ ಒಣಗುವಾಗ ಅದರೊಳಗಿನ ಉಪ್ಪು ಗಟ್ಟಿಯಾಗಿ ಒಂದಿಷ್ಟು ವೈರಸ್ ಸಾಯುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಮಾತ್ರ ಬೆರಳಿಗೆ ಹತ್ತುತ್ತದೆ. ಬೆರಳಂತೂ ವೈರಸ್ಸಿಗೆ ಒಗ್ಗದ ಜಾಗ: ಸ್ಟೀಲ್ ಮೇಲೆ ಒಂದು ದಿನ ತಾಳುವ ಫ್ಲೂ ವೈರಸ್ ಕೈಮೇಲೆ 5 ನಿಮಿಷ ತಾಳುವುದೇ ಹೆಚ್ಚು ಅಂತ 1982ರಲ್ಲೇ ಗೊತ್ತಾಗಿತ್ತು. ಆ 5 ನಿಮಿಷದಲ್ಲಿ ಬೆರಳು ಮೂಗಿಗೋ ಕಣ್ಣಿಗೋ ಹೋಗಬೇಕು.

ಹೋಗುತ್ತದೆ, ಅದೇ ತಮಾಷೆ. ಆಸ್ಟ್ರೇಲಿಯಾದಲ್ಲಿ ವೈದ್ಯ ವಿದ್ಯಾರ್ಥಿಗಳ ವಿಡಿಯೋ ತೆಗೆದು ಎಣಿಸಿದರು. ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಳ್ಳುತ್ತಿದ್ದರು! ಹಾಗಿದ್ದರೂ ಕೊನೇ ಭಾಗಕ್ಕೆ ತಲುಪುವ ನೀರು ಅಷ್ಟೇ. ಸೋಂಕಿರುವ ವಸ್ತುವನ್ನು ಒಂದು ಸಲ ಮುಟ್ಟಿದರೆ ಕೊರೊನಾ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಮ್ಮಿ ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2021ರಲ್ಲಿ ಹೇಳಿತು.

"ಹಡಗಿನಲ್ಲಿ 17 ದಿನ ಆದಮೇಲೂ ಸಿಕ್ಕಿತಂತಲ್ಲ?" ಅಂತ ನನ್ನ ಭಾವ ಈಗಲೂ ಕೇಳುತ್ತಾರೆ. 2020ರಲ್ಲಿ ಕೊರೊನಾ ಹರಡಿದ್ದ ಡೈಮಂಡ್ ಪ್ರಿನ್ಸೆಸ್ ಎಂಬ ಪ್ರವಾಸಿ ಹಡಗಿನ ಕೋಣೆಗಳಲ್ಲಿ ಸಿಕ್ಕಿದ್ದು ವೈರಸ್ಸಿನ ಆರ್‌ಎನ್‌ಎ, ಅಂದರೆ ವೈರಸ್ ಸತ್ತಮೇಲೂ ಉಳಿಯಬಲ್ಲ ಅದರ ಒಳಗಿನ ಚೂರು. ಆಲೆಮನೆ ಹಿಂದೆ ಕಬ್ಬಿನ ಸಿಪ್ಪೆ ರಾಶಿ ಬಿದ್ದಿದ್ದರೆ ಅಲ್ಲಿ ಕಬ್ಬು ಅರೆದಿದ್ದಾರೆ ಅಂತ ಗೊತ್ತಾಗುತ್ತದೆ. ಲೋಟ ಹಿಡಿದುಕೊಂಡು ಹೋದರೆ ಕಬ್ಬಿನ ಹಾಲು ಸಿಗುತ್ತದೆಯೇ?

ವಸ್ತುವಿನ ಮೇಲಿನ ಈ ಅನುಮಾನ ಬಹಳ ಹಳೆಯದು. 1546ರಲ್ಲಿ ಇಟಲಿಯ ಫ್ರಾಕಾಸ್ಟೊರೊ ಎಂಬ ವೈದ್ಯ, ಬಟ್ಟೆ, ಮರದಂಥ ವಸ್ತುಗಳು ರೋಗದ ಬೀಜ ಹೊತ್ತು ತರುತ್ತವೆ ಅಂದ. ಅದಕ್ಕೆ ಅವನು ಬಳಸಿದ ಲ್ಯಾಟಿನ್ ಪದದ ಅರ್ಥ, ಕಿಡಿ ಹಿಡಿಯುವ ಒಣ ಹುಲ್ಲು-ಹತ್ತಿಯಂಥದ್ದು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಪ್ಲೇಗ್ ಬಂದ ಮನೆಯ ಬಟ್ಟೆ, ಹಾಸಿಗೆ ಸುಡುತ್ತಿದ್ದ ಕಾಲ ಅದು. ಅದೇ ವರ್ಷ ಕರಾಚಿಯಲ್ಲಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ, ಪ್ಲೇಗನ್ನು ದಾಟಿಸುವುದು ಇಲಿಯ ಚಿಗಟ ಅಂತ ತೋರಿಸಿದ. ಬಟ್ಟೆಯಲ್ಲೂ ಚಿಗಟ ಕೂತಿರಬಹುದಿತ್ತು. ಹಾಗಾಗಿ ಸುಟ್ಟವರನ್ನು ಪೂರ್ತಿ ಬೈಯುವಂತಿಲ್ಲ. ಪ್ಲೇಗಮ್ಮನ ಗುಡಿ ಕಟ್ಟಿದವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನನಗೆ ತುಂಬ ಇಷ್ಟವಾದ ಪ್ರಯೋಗ ಇಸ್ಪೀಟಿನದು. ಯುಗಾದಿಗೆ ನಮ್ಮ ಕಡೆ ಹಳ್ಳಿಗಳಲ್ಲಿ ಚಾಪೆ ಹಾಸಿ ಕೂರುತ್ತಾರಲ್ಲ, ಹಾಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಗಡಿ ಹಿಡಿದವರನ್ನೂ ಇಲ್ಲದವರನ್ನೂ 12 ಗಂಟೆ ಒಟ್ಟಿಗೆ ಕೂರಿಸಿ ಪೋಕರ್ ಆಡಿಸಿದರು. ನೆಗಡಿ ಇಲ್ಲದವರಲ್ಲಿ ಅರ್ಧ ಜನ ಮುಖ ಮುಟ್ಟಿಕೊಳ್ಳದಂತೆ ಕೈಗೆ ಪಟ್ಟಿ, ಇಲ್ಲವೇ ಕುತ್ತಿಗೆಗೆ ಅಗಲವಾದ ಕಾಲರ್. ಹೀಗೆ ತಡೆ ಹಾಕಿದ್ದ 18 ಜನರಲ್ಲಿ 10 ಮಂದಿಗೆ, ಇಲ್ಲದ 18 ಜನರಲ್ಲಿ 12 ಮಂದಿಗೆ ನೆಗಡಿ ಹತ್ತಿತು. ಹೆಚ್ಚು ವ್ಯತ್ಯಾಸ ಇಲ್ಲ. ಮುಂದಿನದು ಇನ್ನೂ ಚೆನ್ನ. ಸಿಂಬಳ ಹತ್ತಿ ಅಂಟಂಟಾದ ಎಲೆಗಳನ್ನು ಬೇರೆ ಕೋಣೆಗೆ ಒಯ್ದು 12 ಆರೋಗ್ಯವಂತರ ಕೈಗೆ ಕೊಟ್ಟರು. ಆಡಿ, ಮೂಗು ಮುಟ್ಟಿಕೊಳ್ಳಿ, ಕಣ್ಣು ಉಜ್ಜಿಕೊಳ್ಳಿ ಅಂದರು. ಒಬ್ಬರಿಗೂ ನೆಗಡಿ ಬರಲಿಲ್ಲ. 1987ರಲ್ಲಿ ಪ್ರಕಟವಾದ ಈ ಕೆಲಸ ಎಷ್ಟು ಜನಕ್ಕೆ ಗೊತ್ತು? ಒಂದೇ ಕೋಣೆಯ ಗಾಳಿ ಉಸಿರಾಡಿದವರು ಸಿಕ್ಕಿಬಿದ್ದರು, ಎಲೆ ಹಿಡಿದವರು ಬಚಾವಾದರು.

ಇಷ್ಟು ಹೇಳಿ ಕೈ ಕಟ್ಟಿ ಕೂರುವ ಹಾಗೂ ಇಲ್ಲ. ಎಳೆ ಮಕ್ಕಳ ಎದೆ ಕಟ್ಟಿಸುವ ಆರ್‌ಎಸ್‌ವಿ ಎಂಬ ವೈರಸ್ಸಿನ ಕಥೆ ಬೇರೆ. 1981ರಲ್ಲಿ ಕ್ಯಾರೊಲಿನ್ ಹಾಲ್ ಎಂಬ ವೈದ್ಯೆ, ಈ ಸೋಂಕಿದ್ದ ಕೂಸುಗಳ ಹತ್ತಿರ ಮೂರು ಗುಂಪುಗಳನ್ನು ಬಿಟ್ಟು ನೋಡಿದರು. ಕೂಸನ್ನು ಎತ್ತಿ ಆಡಿಸಿದ 7 ಜನರಲ್ಲಿ 5 ಮಂದಿಗೆ ಸೋಂಕು. ಕೂಸು ಆಚೆ ಹೋದಮೇಲೆ ಅದರ ಸುತ್ತಲಿನ ವಸ್ತು ಮುಟ್ಟಿ ಮುಖ ಸವರಿಕೊಂಡ 10 ಜನರಲ್ಲಿ 4 ಮಂದಿಗೆ. ದೂರದಲ್ಲಿ ಸುಮ್ನೆ ಕೂತಿದ್ದ 14 ಜನರಲ್ಲಿ ಒಬ್ಬರಿಗೂ ಇಲ್ಲ. ಹಸಿ ಸಿಂಬಳ, ಹತ್ತಿರದ ವಸ್ತು, ತಕ್ಷಣ ಮುಟ್ಟಿದ ಕೈ. ಇಲ್ಲಿ ನಾಲೆ ಉದ್ದವೇ ಇಲ್ಲ, ಗೇಟಿನ ಪಕ್ಕದಲ್ಲೇ ಗದ್ದೆ.

ಹೋದ ವರ್ಷ ಮಂಡ್ಯದಲ್ಲಿ ತಂಗಿಯ ಬಾಣಂತನ. ಅಜ್ಜಿ ಬಾಗಿಲಲ್ಲೇ ಬಿಂದಿಗೆ, ಸೋಪು ಇಟ್ಟುಕೊಂಡು ಕೂತಿದ್ದರು. ಕೈಕಾಲು ತೊಳೆಯದೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಪುರುಡು, ಮೈಲಿಗೆ, ದೃಷ್ಟಿ ಅಂತ ಅವರ ಕಾರಣಗಳೇ ಬೇರೆ. ನಾನು ವಾದಕ್ಕೆ ಹೋಗಲಿಲ್ಲ, ತೊಳೆದುಕೊಂಡೇ ಹೋದೆ. ಒಳಗೆ ನೋಡಿದರೆ ಏಳೆಂಟು ಜನ ನೆಂಟರು, ಸಾಂಬ್ರಾಣಿ ಹೊಗೆ, ಕಿಟಕಿ ಸಂದಿಗೆ ಹಳೇ ಸೀರೆ ತುರುಕಿದೆ. ಮೂಲೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ನಾನು ಸೀರೆ ಎಳೆದು ಕಿಟಕಿ ತೆಗೆದೆ.

"ಮಗೀಗೆ ಶೀತ ಆಯ್ತದೆ, ಮುಚ್ಚು ಕಣೋ" ಅಂದರು ಅಜ್ಜಿ.

ಅರ್ಧ ಗಂಟೆ ಚೌಕಾಸಿ ನಡೆಯಿತು. ಕೊನೆಗೆ ಕಿಟಕಿಯಲ್ಲಿ ಕೂಸಿನ ಕಡೆಯ ಬಾಗಿಲು ಮುಚ್ಚಿ, ಆಚೆ ಕಡೆಯದು ತೆಗೆದಿಡುವುದು, ಕೆಮ್ಮುವವರು ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು ಅಂತ ತೀರ್ಮಾನವಾಯಿತು.