ಜ್ವರ, ಕೀಲುನೋವು ದಾಟಿದ ಮೇಲೆ ಹೃದಯದ ಸರದಿ

ಮುಂಬೈಯ ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ನಮ್ಮ ಡೊಂಬಿವಲಿಯ ಪಕ್ಕದ್ಮನೆ ಅಕ್ಕ ನಡುವೆಯೇ ಕಂಬಿ ಹಿಡಿದು ನಿಂತರು. ವಯಸ್ಸು 38. ಎದೆ ಬಿಗಿ, ಹಣೆ ತುಂಬ ಬೆವರು. ಹಿಂದಿನ ಜನ 'ಚಲಾ ಚಲಾ' ಅಂತ ತಳ್ಳುತ್ತಿದ್ದರು. "ಬೆಳಿಗ್ಗೆ ತಿಂದ ಬನ್ಸ್ ಕರಗಲಿಲ್ಲ ಮಾರಾಯ್ತಿ, ಗ್ಯಾಸು" ಅಂದರು. ಕ್ಲಿನಿಕ್ಕಿನಲ್ಲೂ ಗ್ಯಾಸಿನ ಮಾತ್ರೆಯನ್ನೇ ಕೊಟ್ಟರು. 12 ವರ್ಷದಿಂದ ಲೂಪಸ್ ಎಂಬ ಕಾಯಿಲೆ ಇದೆ ಎಂದು ಇವರು ಹೇಳಲಿಲ್ಲ, ಅವರು ಕೇಳಲಿಲ್ಲ. ಎರಡು ದಿನ ಬಿಟ್ಟು ಇಸಿಜಿ ತೆಗೆದಾಗ ಗೊತ್ತಾಯಿತು, ಅದು ಹಾರ್ಟ್ ಅಟ್ಯಾಕ್.

ಲೂಪಸ್‌ನಲ್ಲಿ ರೋಗ ತಡೆಯಬೇಕಾದ ದೇಹದ ಕಾವಲು ಪಡೆ ದೇಹದ ಮೇಲೆಯೇ ತಿರುಗಿ ಬಿದ್ದು ಜ್ವರ, ಕೀಲುನೋವು ತರುತ್ತದೆ. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. 1950ರ ದಶಕದಲ್ಲಿ ಇದು ಬಂದವರಲ್ಲಿ ಸುಮಾರು ಅರ್ಧ ಜನ ಐದು ವರ್ಷ ಕಾಣುತ್ತಿರಲಿಲ್ಲ. ಅಷ್ಟರೊಳಗೆ ಹೃದಯದ ಮಾತು ಎಲ್ಲಿ ಬರಬೇಕು? ಸ್ಟೆರಾಯ್ಡ್ ಬಂದ ಮೇಲೆ ಆಯುಷ್ಯ ಹೆಚ್ಚಿತು.

1976ರಲ್ಲಿ ಟೊರಾಂಟೋದ ಡಾ. ಮರ್ರೇ ಯುರೊವಿಟ್ಜ್ ಮತ್ತು ಜೊತೆಗಾರರು ತಮ್ಮ ರೋಗಿಗಳ ಸಾವಿನ ಕಾರಣ ನೋಡಿದರು. ಬೇಗ ಹೋದವರನ್ನು ಲೂಪಸ್ ಅಥವಾ ಸೋಂಕು ಕೊಂದಿತ್ತು. ವರ್ಷಗಟ್ಟಲೆ ಬದುಕಿ ಹೋದವರಲ್ಲಿ ಹಾರ್ಟ್ ಅಟ್ಯಾಕ್ ಎದ್ದು ಕಂಡಿತು. 1997ರಲ್ಲಿ ಪಿಟ್ಸ್‌ಬರ್ಗಿನ ಸುಸಾನ್ ಮಾಂಜಿ ತಂಡದ ಲೆಕ್ಕ ಇನ್ನೂ ಬೆಚ್ಚಿಬೀಳಿಸಿತು: 35ರಿಂದ 44ರ ಲೂಪಸ್ ಹೆಂಗಸರಿಗೆ ಅಪಾಯ 50 ಪಟ್ಟು ಜಾಸ್ತಿ. ಆ ವಯಸ್ಸಲ್ಲಿ ಉಳಿದ ಹೆಂಗಸರಿಗೆ ಅಟ್ಯಾಕ್ ತೀರಾ ಅಪರೂಪ, ಅದಕ್ಕೇ ಪಟ್ಟು ಇಷ್ಟು ದೊಡ್ಡದು. ಹಾಗಂತ ತಳ್ಳಿಹಾಕುವ ಮಾತಲ್ಲ.

ಎಣ್ಣೆ, ಬೊಜ್ಜಿನ ಮೇಲಷ್ಟೇ ಗೂಬೆ ಕೂರಿಸೋದು ತಪ್ಪು. ಒಳಗೊಳಗೇ ಹೊಗೆಯಾಡುವ ಉರಿಯೂತ ರಕ್ತನಾಳದ ಒಳಗೋಡೆಯನ್ನು ಕೆಡಿಸುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದರೆ ಬಿಪಿ ಏರುತ್ತದೆ. ಕೆಲವರಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇದರ ಮೇಲೆ, ಜೀವ ಉಳಿಸಿದ ಸ್ಟೆರಾಯ್ಡೇ ಜಾಸ್ತಿ ದಿನ, ಜಾಸ್ತಿ ಡೋಸಿನಲ್ಲಿ ಹೋದರೆ ಸಕ್ಕರೆ, ಕೊಲೆಸ್ಟರಾಲ್ ಎರಡನ್ನೂ ಏರಿಸುತ್ತದೆ. ಹಾಗಂತ ಸುಮ್ನೆ ನಾವಾಗಿಯೇ ನಿಲ್ಲಿಸೋದೂ ಅಪಾಯವೇ, ಡಾಕ್ಟರೇ ಇಳಿಸಬೇಕು.

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಹಳೇ ಮಲೇರಿಯಾ ಮಾತ್ರೆ ಲೂಪಸನ್ನು ಹಿಡಿತದಲ್ಲಿಡುತ್ತದೆ, ಹೃದಯಕ್ಕೂ ಒಳ್ಳೆಯದು ಎನ್ನುತ್ತಾರೆ. ಆದರೆ ಕಣ್ಣಿನ ಡಾಕ್ಟರಿಗೆ ತೋರಿಸುತ್ತಿರಬೇಕು. 2020ರಲ್ಲಿ ಕೊರೊನಾ ಅಂತ ಊರೆಲ್ಲ ಇದಕ್ಕೇ ಮುಗಿಬಿದ್ದಾಗ ಅಕ್ಕ ಐದಾರು ಮೆಡಿಕಲ್ ಶಾಪ್ ಸುತ್ತಿ ಒಂದು ಸ್ಟ್ರಿಪ್ ಮಾತ್ರೆ ತಂದಿದ್ದರು.

ಈಗ ಅವರ ರೈಲ್ವೆ ಪಾಸಿನ ಹಿಂದೆ ಮರಾಠಿಯಲ್ಲಿ ಒಂದು ಚೀಟಿ ಇದೆ: 'ಲೂಪಸ್ ಇದೆ, ಮೊದಲು ಇಸಿಜಿ ತೆಗೆಯಿರಿ.' ಬರೆದುಕೊಟ್ಟವಳು ನಾನೇ. ಅದರಲ್ಲಿ ಎರಡು ತಪ್ಪಿವೆ ಅಂತ ಅವರ ಮಗ ನಗುತ್ತಾನೆ.